ನಾರ್ಮಲ್ ಎಂದು ಬರೆಯುವ ಮುನ್ನ

ಕಳೆದ ವರ್ಷ ಆಷಾಢದ ಒಂದು ಶುಕ್ರವಾರ, ಮೈಸೂರಿನ ಅರ್ಧ ಜನ ಬೆಟ್ಟದ ದಾರಿಯಲ್ಲಿದ್ದ ಹೊತ್ತಿನಲ್ಲಿ, ನಮ್ಮ ಸ್ಕ್ಯಾನಿಂಗ್ ಕೇಂದ್ರದ ಇಂಟರ್ನೆಟ್ ನಿಂತುಹೋಯಿತು. ಎಲ್ಲೋ ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿತ್ತು. ಎಕ್ಸ್-ರೇ ತೆಗೆಯಲು ಇಂಟರ್ನೆಟ್ ಬೇಕಿಲ್ಲ; ತೆಗೆದ ಚಿತ್ರ ಕೇಂದ್ರದೊಳಗಿನ ತಂತಿಯಲ್ಲೇ ನನ್ನ ಪರದೆಗೆ ಬಂದು ಸೇರುತ್ತದೆ. ಬಾರದೆ ಹೋದದ್ದು ಎರಡನೆಯ ಚಿತ್ರ ಮಾತ್ರ, ಅಂದರೆ ಎಐ ತಂತ್ರಾಂಶವು ಮೂಲ ಚಿತ್ರವನ್ನು ಓದಿ, ಅನುಮಾನ ಬಂದ ಕಡೆ ಚೌಕಟ್ಟು ಹಾಕಿ, ಪಕ್ಕದಲ್ಲಿ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟು ಹಿಂದಕ್ಕೆ ಕಳಿಸುವ ಪ್ರತಿ. ಅಂದು ನನ್ನ ಮುಂದೆ 42 ಎದೆಯ ಎಕ್ಸ್-ರೇಗಳಿದ್ದವು. ಮೊದಲನೆಯದನ್ನು ತೆರೆದೆ. ಕೆಲಸಕ್ಕೆ ಸೇರಲು ವೈದ್ಯಕೀಯ ಪ್ರಮಾಣಪತ್ರ ಬೇಕೆಂದು ಬಂದಿದ್ದ ಇಪ್ಪತ್ತಾರರ ಹುಡುಗನದು. ಶ್ವಾಸಕೋಶಗಳು ಸ್ವಚ್ಛವಾಗಿದ್ದವು, ಹೃದಯದ ಅಳತೆ ಸರಿಯಾಗಿತ್ತು, ಎರಡೂ ಬದಿಯ ವಪೆಯ ಅಂಚು ಚೂಪಾಗಿ ಕಾಣುತ್ತಿತ್ತು. ರೇಡಿಯಾಲಜಿಸ್ಟಳಾಗಿ, ಅಂದರೆ ಎಕ್ಸ್-ರೇ, ಸ್ಕ್ಯಾನ್ ಓದಿ ವರದಿ ಬರೆಯುವ ವೈದ್ಯೆಯಾಗಿ, ಇಪ್ಪತ್ತೆರಡು ವರ್ಷಗಳಿಂದ ನಾನು ಇಂಥ ಚಿತ್ರಗಳನ್ನು ಓದುತ್ತ ಬಂದಿದ್ದೇನೆ. ಆದರೂ 'ನಾರ್ಮಲ್' ಎಂದು ಟೈಪ್ ಮಾಡಲು ಹೋದ ಬೆರಳು ಕೀಲಿಮಣೆಯ ಮೇಲೆ ಹಾಗೆಯೇ ನಿಂತಿತು. ನಾನು ಏನನ್ನೋ ಕಾಯುತ್ತಿದ್ದೆ. ಏನನ್ನು ಎಂದು ತಿಳಿಯಲು ಕೆಲವು ಕ್ಷಣಗಳು ಬೇಕಾದವು: ಚೌಕಟ್ಟು ಇಲ್ಲದ ಎರಡನೆಯ ಚಿತ್ರ ಬಂದು, ಹೌದು, ಇಲ್ಲಿ ಏನೂ ಇಲ್ಲ ಎಂದು ನನಗೆ ಹೇಳಬೇಕಿತ್ತು.

ಆ ಕೆಲವು ಕ್ಷಣಗಳು ಅಂದಿನಿಂದ ನನ್ನನ್ನು ಕಾಡುತ್ತಿವೆ. ತಂತ್ರಾಂಶ ನಮ್ಮಲ್ಲಿಗೆ ಬಂದು ಆಗ ಮೂರು ವರ್ಷವೂ ತುಂಬಿರಲಿಲ್ಲ. ಅದಕ್ಕೆ ಮುಂಚಿನ ಅಷ್ಟೂ ವರ್ಷಗಳಲ್ಲಿ, ಡಾರ್ಕ್ ರೂಮಿನಿಂದ ಒದ್ದೆ ಫಿಲಂಗಳು ಕ್ಲಿಪ್ಪಿಗೆ ನೇತುಕೊಂಡು ಬರುತ್ತಿದ್ದ ದಿನಗಳಲ್ಲಿಯೂ, ನಾನು ಬರೆದ ನಾರ್ಮಲ್ ಎಂಬ ಮಾತಿಗೆ ಇನ್ನೊಬ್ಬರ ಒಪ್ಪಿಗೆಯನ್ನು ಕಾಯ್ದವಳಲ್ಲ. ಮಂಡ್ಯದಲ್ಲಿ ಇದೇ ಕೆಲಸ ಮಾಡುವ ಗೆಳತಿಗೆ ಫೋನಿನಲ್ಲಿ ಈ ವಿಷಯ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತನಗೂ ಹೀಗೆ ಆಗಿದೆ, ಆದರೆ ಯಾರಿಗೂ ಹೇಳಿಕೊಂಡಿರಲಿಲ್ಲ ಎಂದಳು. ನಮ್ಮ ಕಸುಬಿನವರು ಸೇರಿದಾಗ ಯಂತ್ರ ಎಷ್ಟು ಸರಿ, ಎಷ್ಟು ತಪ್ಪು ಎಂದು ಗಂಟೆಗಟ್ಟಲೆ ಮಾತನಾಡುತ್ತೇವೆ. ಅದರ ಪಕ್ಕದಲ್ಲಿ ಕುಳಿತು ನಮ್ಮ ಕಣ್ಣು ಏನಾಗುತ್ತಿದೆ ಎಂಬ ಮಾತು ಬಹಳ ಅಪರೂಪ. ಅದನ್ನೇ ಇಲ್ಲಿ ಬರೆಯಲು ಪ್ರಯತ್ನಿಸುತ್ತೇನೆ.

ಎಲ್ಲರೂ ಕೇಳಿದ ಪ್ರಶ್ನೆ

2016ರಲ್ಲಿ ಜೆಫ್ರಿ ಹಿಂಟನ್ ಅವರು ಟೊರಾಂಟೊದ ಒಂದು ಸಭೆಯಲ್ಲಿ, ರೇಡಿಯಾಲಜಿಸ್ಟರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷಗಳಲ್ಲಿ ಯಂತ್ರಗಳು ಅವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ ಎಂಬ ಅರ್ಥದ ಮಾತು ಹೇಳಿದರು. ಅವರು ಸಾಮಾನ್ಯರಲ್ಲ, ಇಂದಿನ ಕೃತಕ ಬುದ್ಧಿಮತ್ತೆಗೆ ತಳಪಾಯ ಹಾಕಿದವರು, 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಆ ಮಾತಿನ ವಿಡಿಯೊ ನನಗೆ ಎಷ್ಟು ಮಂದಿ ಕಳುಹಿಸಿದರೋ ಲೆಕ್ಕವಿಲ್ಲ. ಎಂ.ಡಿ. ಸೀಟು ಆರಿಸಿಕೊಳ್ಳುವ ಹೊತ್ತಿನಲ್ಲಿದ್ದ ನೆಂಟರ ಮಗನೊಬ್ಬ ಮನೆಗೇ ಬಂದು, ಅತ್ತೆ, ಈ ವಿಭಾಗ ಇನ್ನು ಉಳಿಯುತ್ತದೆಯೇ ಎಂದು ಕೇಳಿದ್ದ. ಐದು ವರ್ಷ ಕಳೆದು ಮತ್ತೆ ಅಷ್ಟೇ ವರ್ಷಗಳು ಕಳೆಯುತ್ತ ಬಂದವು. ನಮ್ಮ ಕೆಲಸ ಕಡಿಮೆಯಾಗಲಿಲ್ಲ, ಸಿ.ಟಿ., ಎಂ.ಆರ್.ಐ. ಯಂತ್ರಗಳು ತಾಲ್ಲೂಕು ಊರುಗಳಿಗೂ ಬಂದು, ಓದಬೇಕಾದ ಚಿತ್ರಗಳ ರಾಶಿ ಬೆಳೆಯುತ್ತಲೇ ಇದೆ. ಹಾಗಾಗಿ ನಾವು ಉಳಿಯುತ್ತೇವೆಯೇ ಎಂಬ ಪ್ರಶ್ನೆ ನನ್ನ ನಿದ್ದೆ ಕೆಡಿಸಿಲ್ಲ. ಉಳಿದವರ ನೋಟ ಹೇಗಿರುತ್ತದೆ ಎಂಬುದು ಕೆಡಿಸಿದೆ.

ಜಡೆ

ತಂತ್ರಾಂಶ ಬಂದ ಮೊದಲ ವರ್ಷದ ಮಾತು. ನರ್ಸಿಂಗ್ ಕೋರ್ಸಿಗೆ ಸೇರಲು ಹೊರಟಿದ್ದ, ಮದ್ದೂರಿನ ಕಡೆಯ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳ ಎದೆಯ ಎಕ್ಸ್-ರೇ ನನ್ನ ಪರದೆಗೆ ಬಂತು. ಎರಡೂ ಚಿತ್ರಗಳು ಒಟ್ಟಿಗೆ ಬಂದಿದ್ದವು, ಮತ್ತು ನಾನು ಮೊದಲು ತೆರೆದದ್ದು ಎಐ ಕಳಿಸಿದ ಬಣ್ಣದ ಚಿತ್ರವನ್ನು. ಬಲ ಶ್ವಾಸಕೋಶದ ತುದಿಯಲ್ಲಿ, ಕಾಲರ್‌ಬೋನಿನ ಸುತ್ತ ಕೆಂಪು ಚೌಕಟ್ಟು. ಪಕ್ಕದಲ್ಲಿ ಕ್ಷಯದ ಸಾಧ್ಯತೆಗೆ ಎಂಬತ್ತಕ್ಕೂ ಹೆಚ್ಚಿನ ಅಂಕ. ಕ್ಷಯ ಸಾಮಾನ್ಯವಾಗಿ ಮನೆ ಮಾಡುವುದೇ ಶ್ವಾಸಕೋಶದ ತುದಿಯಲ್ಲಿ. ಆಮೇಲೆ ಮೂಲ ಚಿತ್ರವನ್ನು ತೆರೆದಾಗ ನನಗೂ ಅಲ್ಲಿ ಗೆರೆಗೆರೆಯಾದ ಮಬ್ಬು ಕಂಡಿತು. 'ಬಲ ತುದಿಯಲ್ಲಿ ಮಬ್ಬು ಇದೆ, ಕಫ ಪರೀಕ್ಷೆ ಮಾಡಿಸುವುದು ಸೂಕ್ತ' ಎಂಬ ಅರ್ಥದ ಸಾಲನ್ನು ಅರ್ಧ ಬರೆದಿದ್ದೆ.

ಅಷ್ಟರಲ್ಲಿ ನಮ್ಮ ಹಿರಿಯ ಟೆಕ್ನಿಷಿಯನ್ ಬೇರೊಂದು ಕೆಲಸಕ್ಕೆ ನನ್ನ ಕೋಣೆಗೆ ಬಂದರು. ಅವರು ಊಟಕ್ಕೆ ಹೋಗಿದ್ದಾಗ ಹೊಸದಾಗಿ ಸೇರಿದ್ದ ಹುಡುಗ ಆ ಎಕ್ಸ್-ರೇ ತೆಗೆದಿದ್ದ. ಪರದೆಯನ್ನು ಒಮ್ಮೆ ನೋಡಿದವರೇ, "ಮೇಡಂ, ಇದು ಕಾಯಿಲೆ ಅಲ್ಲ, ಜಡೆ. ಆ ಹುಡುಗಿ ಹೊರಗಡೆ ಕೂತಿದ್ದಾಳೆ, ಜಡೆ ಮುಂದಕ್ಕೆ ಬಿಟ್ಕೊಂಡಿದ್ದಾಳೆ. ಎತ್ತಿ ಕಟ್ಟಿಸಿ ಇನ್ನೊಂದ್ಸಲ ತೆಗೀಲಾ?" ಎಂದರು. ಒತ್ತಾಗಿ ಹೆಣೆದ ಜಡೆ ಭುಜದ ಮೇಲೆ ಬಿದ್ದಿದ್ದರೆ ಎಕ್ಸ್-ರೇಯಲ್ಲಿ ಶ್ವಾಸಕೋಶದ ತುದಿಯ ಮೇಲೆ ಅದರ ನೆರಳು ಮೂಡುತ್ತದೆ, ಕ್ಷಯದ ಮಬ್ಬನ್ನೇ ಹೋಲುತ್ತದೆ. ಇದು ಎಂ.ಡಿ. ಓದುವ ಮೊದಲ ವರ್ಷದಲ್ಲೇ ಕಲಿಸುವ ವಿಷಯ. ಗುರುತಿಸುವುದೂ ಕಷ್ಟವಲ್ಲ: ಶ್ವಾಸಕೋಶದೊಳಗಿನ ಮಬ್ಬು ಶ್ವಾಸಕೋಶದ ಅಂಚಿಗೆ ನಿಲ್ಲುತ್ತದೆ, ಜಡೆಯ ನೆರಳು ಅಂಚನ್ನು ದಾಟಿ ಕತ್ತಿನವರೆಗೂ ಏರುತ್ತದೆ. ಅವರು ಹೇಳಿದ ಮೇಲೆ ನೋಡಿದರೆ, ಹೆಣಿಗೆಯ ಎಳೆ ಎಳೆಯೂ ಕತ್ತಿನ ಬದಿಯಲ್ಲಿ ಸ್ಪಷ್ಟವಾಗಿತ್ತು. ಅದು ಮೊದಲಿನಿಂದಲೂ ಅಲ್ಲೇ ಇತ್ತು. ಚೌಕಟ್ಟು ಕಾಲರ್‌ಬೋನಿಗೆ ನಿಂತಿತ್ತು, ನನ್ನ ಕಣ್ಣೂ ಅಲ್ಲಿಗೇ ನಿಂತಿತ್ತು. ಎರಡನೆಯ ಸಲ ತೆಗೆದ ಚಿತ್ರದಲ್ಲಿ ಏನೂ ಇರಲಿಲ್ಲ.

ಕಫ ಪರೀಕ್ಷೆಯಾಗಿದ್ದರೆ ಸತ್ಯ ಗೊತ್ತಾಗುತ್ತಿತ್ತು, ಅಷ್ಟೇನೂ ನಷ್ಟವಿಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಹತ್ತೊಂಬತ್ತರ ಹುಡುಗಿಯ ಹೆಸರಿನ ಪಕ್ಕದಲ್ಲಿ, ಅನುಮಾನದ ರೂಪದಲ್ಲಿಯೇ ಆಗಲಿ, ಟಿ.ಬಿ. ಎಂಬ ಎರಡಕ್ಷರ ಬಿದ್ದರೆ ಒಂದು ಹಳ್ಳಿಯಲ್ಲಿ ಅದು ಎಷ್ಟು ದೂರ ನಡೆಯುತ್ತದೆ, ಎಷ್ಟು ವರ್ಷ ಉಳಿಯುತ್ತದೆ ಎಂಬುದು ಈ ಸೀಮೆಯವರಿಗೆಲ್ಲ ಗೊತ್ತು. ಕಾಲೇಜು ತಪ್ಪುವುದರ ಜೊತೆಗೆ ಮದುವೆಯ ಮಾತುಕತೆಗೂ ಅದು ಬಂದು ಕೂರುತ್ತದೆ. ಅಂದು ಅವಳಿಗೆ ಇದು ಯಾವುದೂ ತಿಳಿಯಲಿಲ್ಲ. ಎರಡು ಸಲ ಯಾಕೆ ತೆಗೆದಿರಿ ಎಂದಷ್ಟೇ ಕೇಳಿ, ರಿಪೋರ್ಟ್ ತೆಗೆದುಕೊಂಡು ಹೋದಳು.

ಈ ಘಟನೆಯಿಂದ ನಾನು ಟೆಕ್ನಿಷಿಯನ್‌ಗಳ ಬಗ್ಗೆಯೂ ಹೊಸದಾಗಿ ಯೋಚಿಸಿದೆ. ಎಐ ಕುರಿತ ಚರ್ಚೆಗಳೆಲ್ಲ ವೈದ್ಯ ಮತ್ತು ಯಂತ್ರದ ನಡುವೆ ನಡೆಯುತ್ತವೆ. ಚಿತ್ರ ತೆಗೆಯುವವರ ಮಾತು ಅಲ್ಲಿ ಬರುವುದೇ ಇಲ್ಲ. ಕೊರಳಿನ ಸರವನ್ನು ಮೇಲೆ ಸರಿಸುವುದು, ತೋಳಿನ ತಾಯಿತ ಬಿಚ್ಚಲು ಒಪ್ಪದ ಅಜ್ಜಿಯನ್ನು ಒಪ್ಪಿಸುವುದು, ಗೂನು ಬೆನ್ನಿನವರನ್ನು ನೇರ ನಿಲ್ಲಿಸುವುದು, "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಎಂದು ಹೇಳಿ ಅವರು ನಿಜವಾಗಿಯೂ ಹಿಡಿದ ಕ್ಷಣದಲ್ಲೇ ಬಟನ್ ಒತ್ತುವುದು, ಇವೆಲ್ಲ ಸರಿಯಾಗಿ ನಡೆದಾಗ ಮಾತ್ರ ಯಂತ್ರದ ಅಂಕಕ್ಕೆ ಅರ್ಥವಿದೆ. ಉಸಿರು ಪೂರ್ತಿ ಎಳೆಯದ ಚಿತ್ರದಲ್ಲಿ ಶ್ವಾಸಕೋಶದ ಬುಡ ಕಿಕ್ಕಿರಿದು ನ್ಯುಮೋನಿಯಾದಂತೆ ಕಾಣುತ್ತದೆ, ಹೃದಯ ದೊಡ್ಡದಾಗಿ ಕಾಣುತ್ತದೆ. 2018ರಲ್ಲಿ ಅಮೆರಿಕದ ಆಸ್ಪತ್ರೆಗಳ ಎಕ್ಸ್-ರೇಗಳ ಮೇಲೆ ನಡೆದ ಒಂದು ಅಧ್ಯಯನ, ನ್ಯುಮೋನಿಯಾ ಗುರುತಿಸಲು ಕಲಿತ ತಂತ್ರಾಂಶವು ಚಿತ್ರ ಯಾವ ಆಸ್ಪತ್ರೆಯದೆಂಬುದನ್ನೂ ಕಲಿತುಬಿಟ್ಟಿತ್ತು ಎಂದು ತೋರಿಸಿತು. ಟೆಕ್ನಿಷಿಯನ್ ಮೂಲೆಯಲ್ಲಿ ಇಡುವ ಲೋಹದ ಗುರುತು ಕೂಡ ಅದಕ್ಕೆ ಸುಳಿವಾಗಿತ್ತು. ಕಾಯಿಲೆಯವರು ಹೆಚ್ಚಾಗಿ ಬರುವ ಆಸ್ಪತ್ರೆ ಯಾವುದೆಂದು ಗೊತ್ತಾದರೆ ಊಹೆ ಸುಲಭವಾಗುತ್ತದೆ. ಹೊರಗಿನ ಆಸ್ಪತ್ರೆಯ ಚಿತ್ರಗಳನ್ನು ಕೊಟ್ಟಾಗ ಅದರ ಸಾಮರ್ಥ್ಯ ಕುಗ್ಗಿತು. ಎಲ್ಲೋ ದೂರದಲ್ಲಿ ಕಲಿತು ಬಂದ ತಂತ್ರಾಂಶಕ್ಕೆ ಮದ್ದೂರಿನ ಜಡೆ ಪರಿಚಯವಿಲ್ಲದಿದ್ದರೆ ಅದರ ತಪ್ಪೇನಿಲ್ಲ. ನನಗೆ ಪರಿಚಯವಿತ್ತು.

ಹೃದಯದ ಹಿಂದೆ

ಇಷ್ಟು ಓದಿದವರು ನಾನು ಯಂತ್ರದ ವಿರೋಧಿ ಎಂದುಕೊಳ್ಳಬಾರದು. ಜಡೆಯ ಘಟನೆ ನಡೆದ ಆರು ತಿಂಗಳಿಗೆ, ನಿವೃತ್ತಿಯ ಅಂಚಿನಲ್ಲಿದ್ದ ಪ್ರೌಢಶಾಲೆಯ ಮೇಷ್ಟ್ರೊಬ್ಬರು ಮಂಡಿಯ ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಗೆ ಬಂದಿದ್ದರು. ಕೆಮ್ಮಿಲ್ಲ, ಜ್ವರವಿಲ್ಲ, ಬೀಡಿ ಸಿಗರೇಟು ಇಲ್ಲ. ಆಗ ನಾನು ಮೊದಲು ಮೂಲ ಚಿತ್ರವನ್ನೇ ಓದುವ ಕ್ರಮಕ್ಕೆ ಬಂದಿದ್ದೆ. ಓದಿದೆ, ಏನೂ ಕಾಣಲಿಲ್ಲ, ನಾರ್ಮಲ್ ಎಂದು ಬರೆದು, ಆಮೇಲೆ ಎರಡನೆಯ ಚಿತ್ರ ತೆರೆದೆ. ಹೃದಯದ ನೆರಳಿನ ಒಳಗೆ, ಎಡಬದಿಯ ಕೆಳಭಾಗದಲ್ಲಿ ಒಂದು ಚಿಕ್ಕ ಚೌಕಟ್ಟಿತ್ತು. ಎದೆಯ ಎಕ್ಸ್-ರೇಯಲ್ಲಿ ಹೃದಯದ ಹಿಂದೆ ಅಡಗಿದ ಶ್ವಾಸಕೋಶದ ಭಾಗ ಎಲ್ಲ ರೇಡಿಯಾಲಜಿಸ್ಟರೂ ಎರಡು ಸಲ ನೋಡಬೇಕೆಂದು ಕಲಿತ ಜಾಗ. ಮೊದಲಿಗೆ ಯಂತ್ರ ರಕ್ತನಾಳವನ್ನು ನೋಡಿ ಮೋಸಹೋಗಿದೆ ಎಂದುಕೊಂಡೆ. ಚಿತ್ರವನ್ನು ದೊಡ್ಡದು ಮಾಡಿ, ಕಪ್ಪು ಬಿಳುಪನ್ನು ತಿರುವುಮುರುವು ಮಾಡಿ ನೋಡಿದರೆ, ನೆಲಗಡಲೆ ಬೀಜದಷ್ಟು ಗಾತ್ರದ ದುಂಡನೆಯ ಗಂಟೊಂದು ಅಲ್ಲಿತ್ತು. ಸಿ.ಟಿ. ಮಾಡಿದಾಗ ಅದು ಖಚಿತವಾಯಿತು. ಸೂಜಿ ಪರೀಕ್ಷೆ ಅದು ಕ್ಯಾನ್ಸರಿನ ಆರಂಭ ಎಂದು ಹೇಳಿತು. ಮಂಡಿಯ ಬದಲು ಮೊದಲು ಶ್ವಾಸಕೋಶದ ಶಸ್ತ್ರಚಿಕಿತ್ಸೆಯಾಯಿತು. ಮೇಷ್ಟ್ರು ಈಗಲೂ ವರ್ಷಕ್ಕೊಮ್ಮೆ ಸಿ.ಟಿ.ಗೆ ಬರುತ್ತಾರೆ, ಬಂದಾಗ ನನ್ನ ಕೋಣೆಗೆ ಬಂದು ಮಾತನಾಡಿಸುತ್ತಾರೆ. ನೀವು ಕಂಡುಹಿಡಿದಿರಿ ಎಂದು ಅವರು ಕೃತಜ್ಞತೆ ಹೇಳಿದ ಮೊದಲ ದಿನವೇ, ಕಂಡುಹಿಡಿದದ್ದು ನಾನಲ್ಲ ಎಂದು ಅವರಿಗೆ ತಿಳಿಸಿದೆ. ಅದನ್ನು ಹೇಳದೆ ಅವರ ಮುಂದೆ ಕೂರಲು ನನಗೆ ಆಗುತ್ತಿರಲಿಲ್ಲ.

ಹೇಗೆ ತಪ್ಪಿತು ಎಂದು ಬಹಳ ದಿನ ಕೇಳಿಕೊಂಡೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗ ನಮ್ಮ ಕಸುಬಿನಲ್ಲಿ ಪ್ರಸಿದ್ಧ. ಶ್ವಾಸಕೋಶದ ಸಿ.ಟಿ. ಚಿತ್ರಗಳೊಳಗೆ ಒಂದು ಗೊರಿಲ್ಲಾದ ಚಿತ್ರವನ್ನು ಸೇರಿಸಿ, 24 ರೇಡಿಯಾಲಜಿಸ್ಟರಿಗೆ ಗಂಟುಗಳನ್ನು ಹುಡುಕಲು ಕೊಟ್ಟರು. ಗೊರಿಲ್ಲಾ ಸಾಮಾನ್ಯ ಗಂಟಿನ 48 ಪಟ್ಟು ದೊಡ್ಡದಿತ್ತು. 20 ಮಂದಿಗೆ ಅದು ಕಾಣಲೇ ಇಲ್ಲ. ಅವರ ಕಣ್ಣಿನ ಚಲನೆಯನ್ನೂ ಅಳೆದಿದ್ದರು. ಕಾಣದವರಲ್ಲಿ ಹೆಚ್ಚಿನವರ ದೃಷ್ಟಿ ನೇರವಾಗಿ ಗೊರಿಲ್ಲಾದ ಮೇಲೆಯೇ ಹಾದುಹೋಗಿತ್ತು. ಕಣ್ಣು ತಲುಪಿದ ಕಡೆಗೆಲ್ಲ ಮನಸ್ಸು ತಲುಪುವುದಿಲ್ಲ. ನನ್ನ ಕಣ್ಣು ಆ ದಿನ ಹೃದಯದ ಹಿಂಭಾಗವನ್ನು ಹಾದುಹೋಗಿರಲೇಬೇಕು. ದಿನದ ಅರವತ್ತನೆಯದೋ ಎಪ್ಪತ್ತನೆಯದೋ ಆಗಿದ್ದ ಆ ಚಿತ್ರವನ್ನು ಯಂತ್ರ ಮೊದಲನೆಯದನ್ನು ಓದಿದಷ್ಟೇ ನಿಚ್ಚಳವಾಗಿ ಓದಿತು. ಅದಕ್ಕೆ ಸಂಜೆ ಎಂಬುದಿಲ್ಲ.

ಅಂಕವನ್ನು ಮೊದಲೇ ಕಂಡರೆ

ಜಡೆಯನ್ನು ಓದಿದಾಗ ಚೌಕಟ್ಟು ಮೊದಲು, ಚಿತ್ರ ಆಮೇಲೆ. ಮೇಷ್ಟ್ರ ಚಿತ್ರವನ್ನು ಓದಿದಾಗ ಚಿತ್ರ ಮೊದಲು, ಚೌಕಟ್ಟು ಆಮೇಲೆ. ಒಂದೇ ತಂತ್ರಾಂಶ, ಒಬ್ಬಳೇ ವೈದ್ಯೆ. ಈ ಕ್ರಮದ ಮಹತ್ವ ನನ್ನ ಕಲ್ಪನೆಯಲ್ಲ ಎಂಬುದಕ್ಕೆ ಜರ್ಮನಿಯ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಸಾಕ್ಷಿ. 27 ರೇಡಿಯಾಲಜಿಸ್ಟರಿಗೆ ತಲಾ 50 ಮ್ಯಾಮೋಗ್ರಾಂ (ಸ್ತನದ ಎಕ್ಸ್-ರೇ) ಕೊಟ್ಟು, ಪಕ್ಕದಲ್ಲಿ ಎಐ ಕೊಟ್ಟ ಅಭಿಪ್ರಾಯವೆಂದು ಒಂದನ್ನು ತೋರಿಸಿದರು. ಕೆಲವು ಕಡೆ ಬೇಕೆಂದೇ ತಪ್ಪು ಅಭಿಪ್ರಾಯ ಇಟ್ಟಿದ್ದರು. ಅನುಭವ ಕಡಿಮೆ ಇದ್ದವರು, ಯಂತ್ರ ಸರಿ ಹೇಳಿದಾಗ ಶೇ. 80ರಷ್ಟು ಸರಿಯಾಗಿ ಓದಿದರೆ, ಅದು ತಪ್ಪು ಹೇಳಿದಾಗ ಶೇ. 20ಕ್ಕೆ ಇಳಿದರು. ಬಹಳ ಅನುಭವ ಇದ್ದವರೂ ಶೇ. 82ರಿಂದ ಶೇ. 45ರ ಆಸುಪಾಸಿಗೆ ಇಳಿದರು. ಈ ಎರಡನೆಯ ಲೆಕ್ಕವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ, ಏಕೆಂದರೆ ಅದರಲ್ಲಿರುವವರು ನನ್ನಂಥವರು.

ಒಳಗಿನಿಂದ ಅದು ಹೇಗಿರುತ್ತದೆ ಎಂದು ಹೇಳಬಲ್ಲೆ. ಅನುಮಾನ ಹುಟ್ಟುವ ಕ್ರಿಯೆಗೆ ಸ್ವಲ್ಪ ಸಮಯ ಬೇಕು. ಚಿತ್ರವನ್ನು ತೆರೆದ ಕ್ಷಣದಲ್ಲಿ ಒಂದು ಒಟ್ಟು ನೋಟ ಸಿಗುತ್ತದೆ. ಆಮೇಲೆ ಕಣ್ಣು ತನ್ನ ರೂಢಿಯ ದಾರಿಯಲ್ಲಿ, ತುದಿಯಿಂದ ಬುಡಕ್ಕೆ, ಬಲದಿಂದ ಎಡಕ್ಕೆ, ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸುತ್ತ ಹೋಗುತ್ತದೆ. ಚೌಕಟ್ಟು ಮೊದಲೇ ಬಿದ್ದಿದ್ದರೆ ಆ ದಾರಿ ತುಂಡಾಗುತ್ತದೆ. ಚೌಕಟ್ಟಿನ ಒಳಗಿರುವುದು ನಿಜವೇ ಎಂಬ ಒಂದೇ ಪ್ರಶ್ನೆ ಉಳಿದು, ಹೊರಗಿರುವುದನ್ನೆಲ್ಲ ಆಗಲೇ ಯಾರೋ ನೋಡಿ ಮುಗಿಸಿದ್ದಾರೆ ಎಂಬ ಭಾವ ಬಂದುಬಿಡುತ್ತದೆ. ಚೌಕಟ್ಟೇ ಇಲ್ಲದ ಚಿತ್ರದಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಪ್ರಶ್ನೆಯೇ ಏಳುವುದಿಲ್ಲ. ಈಗ ಕಲಿಯುತ್ತಿರುವ ಹುಡುಗ ಹುಡುಗಿಯರ ಬಗ್ಗೆ ನನಗೆ ಹೆಚ್ಚು ಚಿಂತೆ. ನಾವು ಸಾವಿರಾರು ನಾರ್ಮಲ್ ಚಿತ್ರಗಳನ್ನು ಬೇಸರವಿಲ್ಲದೆ ನೋಡಿ ನೋಡಿ ನಾರ್ಮಲ್ ಎಂದರೇನು ಎಂಬುದನ್ನು ಕಣ್ಣಿಗೆ ಕಟ್ಟಿಕೊಂಡೆವು. ಆ ಸಾವಿರಾರು ಚಿತ್ರಗಳನ್ನು ಯಂತ್ರ ಮೊದಲೇ ಸೋಸಿ ಬದಿಗಿಟ್ಟರೆ, ಅವರ ಕಣ್ಣಿಗೆ ಅದು ಯಾವಾಗ ಕಟ್ಟೀತು?

ಸ್ವೀಡನ್ನಿನಲ್ಲಿ ಇಬ್ಬರು, ಇಲ್ಲಿ ಒಬ್ಬರು

ಆಸ್ಪತ್ರೆಗಳ ಆಡಳಿತದವರು ಎಐ ಸಮಯ ಉಳಿಸುತ್ತದೆ ಎನ್ನುವಾಗ ಸಾಮಾನ್ಯವಾಗಿ ಸ್ವೀಡನ್ನಿನ ಒಂದು ದೊಡ್ಡ ಪ್ರಯೋಗದ ಮಾತು ಬರುತ್ತದೆ. 80,000ಕ್ಕೂ ಹೆಚ್ಚು ಮಹಿಳೆಯರ ಮ್ಯಾಮೋಗ್ರಾಂ ತಪಾಸಣೆಯಲ್ಲಿ ಎಐ ಬಳಸಿದ ಗುಂಪಿನಲ್ಲಿ ಸಾವಿರಕ್ಕೆ 6.1 ಕ್ಯಾನ್ಸರ್ ಪತ್ತೆಯಾದರೆ, ಬಳಸದ ಗುಂಪಿನಲ್ಲಿ 5.1, ಚಿತ್ರ ಓದುವ ಕೆಲಸ ಶೇ. 44ರಷ್ಟು ಕಡಿಮೆಯಾಯಿತು ಎಂಬುದು 2023ರ ವರದಿ. ಇದು ಗಟ್ಟಿಯಾದ ಕೆಲಸ, ನನಗೆ ಅದರ ಬಗ್ಗೆ ಗೌರವವಿದೆ. ಆದರೆ ಅಲ್ಲಿ ಪ್ರತಿ ಮ್ಯಾಮೋಗ್ರಾಂ ಅನ್ನು ಇಬ್ಬರು ರೇಡಿಯಾಲಜಿಸ್ಟರು ಬೇರೆ ಬೇರೆಯಾಗಿ ಓದುವುದು ಮೊದಲಿನಿಂದಲೂ ಇರುವ ಪದ್ಧತಿ. ಅಪಾಯ ಕಡಿಮೆ ಎಂದು ಯಂತ್ರ ಹೇಳಿದ ಚಿತ್ರಗಳನ್ನು ಒಬ್ಬರೇ ಓದಿದರೆ ಸಾಕೆಂದು ಮಾಡಿ, ಉಳಿದವನ್ನು ಇಬ್ಬರೂ ಓದಿದರು. ಹೀಗೆ ಉಳಿತಾಯವಾದದ್ದು ಎರಡನೆಯವರ ಸಮಯ. ನಮ್ಮಲ್ಲಿ ಮೊದಲಿನಿಂದಲೂ ಇರುವುದು ಒಬ್ಬರೇ, ಇಲ್ಲಿ ಶೇ. 44 ಕಡಿತ ಎಂದರೆ ಆ ಒಬ್ಬರ ನೋಟದಲ್ಲೇ ಕತ್ತರಿಸಬೇಕು. ದಿನಕ್ಕೆ ಎಂಬತ್ತು ಓದುತ್ತಿದ್ದವರಿಗೆ, ಎಐ ಇದೆಯಲ್ಲ, ನೂರೈವತ್ತು ಓದಿ ಎನ್ನುವ ಮಾತನ್ನು ನಾನು ಕೇಳಿದ್ದೇನೆ, ನನ್ನ ಹಲವು ಗೆಳೆಯರೂ ಕೇಳಿದ್ದಾರೆ. ಯಂತ್ರ ಕೊಟ್ಟ ಸಮಯವನ್ನು ರೋಗಿಯ ಹಳೆಯ ಚಿತ್ರ ಹುಡುಕಲು, ಕಳುಹಿಸಿದ ವೈದ್ಯರಿಗೆ ಫೋನ್ ಮಾಡಲು ಬಿಟ್ಟುಕೊಡಿ ಎಂದು ಕೇಳಿದರೆ ಅದು ಲೆಕ್ಕದಲ್ಲಿ ಎಲ್ಲೂ ಕೂರುವುದಿಲ್ಲ.

ಕ್ಷಯದ ವಿಷಯ ಬೇರೆ, ಅಲ್ಲಿ ನಾನು ಪೂರ್ತಿಯಾಗಿ ಯಂತ್ರದ ಪರ. ರೇಡಿಯಾಲಜಿಸ್ಟರೇ ಇಲ್ಲದ ಊರಿಗೆ ಕೈಯಲ್ಲಿ ಹಿಡಿದೊಯ್ಯುವ ಎಕ್ಸ್-ರೇ ಯಂತ್ರ ಹೋಗಿ, ತಂತ್ರಾಂಶ ಅಲ್ಲೇ ಓದಿ, ಯಾರ ಕಫ ಪರೀಕ್ಷಿಸಬೇಕೆಂದು ಹೇಳುವುದು ದೊಡ್ಡ ಉಪಕಾರ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ, 15 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸಿನವರ ಕ್ಷಯ ತಪಾಸಣೆಯಲ್ಲಿ ಎಕ್ಸ್-ರೇ ಓದಲು ಮನುಷ್ಯರ ಬದಲು ಇಂಥ ತಂತ್ರಾಂಶ ಬಳಸಬಹುದು ಎಂದು ಶಿಫಾರಸು ಮಾಡಿದೆ. ಆದರೆ ಅಂಕದ ಅರ್ಥ ಜನರಿಗೆ ತಿಳಿಯಬೇಕು. ಸಾವಿರ ಜನರಲ್ಲಿ 10 ಮಂದಿಗೆ ಕ್ಷಯವಿದೆ ಎಂದಿಟ್ಟುಕೊಳ್ಳಿ. ಕಾಯಿಲೆ ಇದ್ದವರಲ್ಲಿ ಶೇ. 90 ಮಂದಿಯನ್ನು ಹಿಡಿಯುವ, ಇಲ್ಲದವರಲ್ಲಿ ಶೇ. 70 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುವ ತಂತ್ರಾಂಶ 306 ಜನರನ್ನು ನಿಲ್ಲಿಸುತ್ತದೆ. ಅವರಲ್ಲಿ 9 ಮಂದಿಗೆ ಕಾಯಿಲೆ, 297 ಮಂದಿಗೆ ಇಲ್ಲ. ಇದು ವೈಫಲ್ಯವಲ್ಲ, ಸೋಸುವ ಕೆಲಸವೇ ಹೀಗೆ. ಆ 297 ಮಂದಿಗೆ ನಿಮಗೆ ಟಿ.ಬಿ. ಬಂದಿದೆ ಎಂದು ಯಾರೂ ಹೇಳದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಹಿಂದೆ ಕ್ಷಯವಾಗಿ ಗುಣವಾದವರಲ್ಲಂತೂ ತಂತ್ರಾಂಶ ಹೆಚ್ಚು ಎಡವುತ್ತದೆ, ಏಕೆಂದರೆ ವಾಸಿಯಾದ ಗಾಯದ ಗುರುತು ಶ್ವಾಸಕೋಶದಲ್ಲಿ ಜೀವಮಾನವಿಡೀ ಉಳಿಯುತ್ತದೆ. ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿನ ಸ್ಯಾನಿಟೋರಿಯಂ ಇರುವ ಊರು ನಮ್ಮದು. ಪಿ.ಕೆ.ಟಿ.ಬಿ. ಎಂದು ಕರೆಯುವ ಆ ಕ್ಷಯದ ಆಸ್ಪತ್ರೆಯಲ್ಲಿ ಔಷಧ ತೆಗೆದುಕೊಂಡು ಗುಣವಾಗಿ ಹೋದವರು ಮೈಸೂರು, ಮಂಡ್ಯ ಜಿಲ್ಲೆಗಳ ಹಳ್ಳಿಹಳ್ಳಿಯಲ್ಲೂ ಇದ್ದಾರೆ.

ಆ ಶುಕ್ರವಾರ

ಇಂಟರ್ನೆಟ್ ನಿಂತ ದಿನಕ್ಕೆ ಹಿಂದಿರುಗುತ್ತೇನೆ. ಕೆಲವು ಕ್ಷಣ ನಿಂತ ಬೆರಳು ಆಮೇಲೆ ನಡೆಯಿತು. ಮೊದಲ ಹತ್ತು ಚಿತ್ರಗಳಿಗೆ ಎಂದಿಗಿಂತ ಎರಡರಷ್ಟು ಹೊತ್ತು ಹಿಡಿಯಿತು; ಹದಿನೈದನೆಯದರ ಹೊತ್ತಿಗೆ ಹಳೆಯ ನಡಿಗೆ ಕಾಲಿಗೆ ಸಿಕ್ಕಿತು. ಮೂವತ್ತರ ಆಸುಪಾಸಿನಲ್ಲಿ ಪಾಂಡವಪುರದ ಕಡೆಯ ಎಪ್ಪತ್ತು ದಾಟಿದ ಹಿರಿಯರೊಬ್ಬರ ಚಿತ್ರವಿತ್ತು, ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮುಂಚಿನದು. ಎಡ ಶ್ವಾಸಕೋಶದ ತುದಿಯಲ್ಲಿ ಒರಟಾದ ಗೆರೆಗಳು, ಸುಣ್ಣ ಕಟ್ಟಿದಂಥ ಎರಡು ಚುಕ್ಕೆ. ಹಳೆಯ ಗಾಯದಂತೆ ಕಂಡರೂ, ಒಂದೇ ಚಿತ್ರ ನೋಡಿ ಹಳೆಯದು ಎಂದು ಬರೆಯಲಾಗದು. ಹೊರಗೆ ಕೇಳಿದರೆ ಅವರು ಆಗಲೇ ಬಸ್ ಹತ್ತಿದ್ದರು. ಫೋನ್ ಮಾಡಿ, "ಯಜಮಾನರೇ, ಮುಂಚೆ ಯಾವಾಗಲಾದರೂ ಟಿ.ಬಿ. ಆಗಿತ್ತಾ?" ಎಂದು ಕೇಳಿದೆ. ಬಸ್ಸಿನ ಗದ್ದಲದಲ್ಲಿ ಅವರು ಗಟ್ಟಿಯಾಗಿಯೇ, "ಆಗಿತ್ತು ಕನವ್ವ, ಪೀಕೇಟೀಬೀಲಿ ಔಸ್ತಿ ತಗಂಡಿದ್ದೆ. ಆಗಿನ ಪೋಟ ಮನೇಲದೆ, ಗೋಡೆ ಮೊಳೆಗೆ ನೇತಾಕಿವ್ನಿ" ಎಂದರು. ಸೋಮವಾರ ಅದನ್ನು ತರಲು ಹೇಳಿದೆ.

ಸಂಜೆ ಆರಕ್ಕೆ ಇಂಟರ್ನೆಟ್ ಬಂದು, ಎರಡನೆಯ ಚಿತ್ರಗಳೆಲ್ಲ ಒಂದರ ಹಿಂದೊಂದು ಬಂದವು. ನಾನು ಬರೆದಿಟ್ಟಿದ್ದ ರಿಪೋರ್ಟುಗಳ ಪಕ್ಕದಲ್ಲಿಟ್ಟು ನೋಡಿದೆ. ಒಬ್ಬರ ಚಿತ್ರದಲ್ಲಿ ಮೊಲೆತೊಟ್ಟಿನ ನೆರಳನ್ನು ಯಂತ್ರ ಗಂಟು ಎಂದಿತ್ತು. ಇನ್ನೊಬ್ಬರ ಬಲಬದಿಯ ಆರನೆಯ ಪಕ್ಕೆಲುಬಿನ ಹಳೆಯ ಮುರಿತವನ್ನು ನಾನು ಬರೆದಿದ್ದೆ, ಅದು ಹೇಳಿರಲಿಲ್ಲ. ಪಾಂಡವಪುರದ ಹಿರಿಯರ ಚಿತ್ರಕ್ಕೆ ಕೆಂಪು ಚೌಕಟ್ಟು ಬಿದ್ದು, ಕ್ಷಯದ ಅಂಕ ಬಹಳ ಮೇಲಿತ್ತು. ಉಳಿದವುಗಳಲ್ಲಿ ನಾವಿಬ್ಬರೂ ಒಂದೇ ಮಾತು ಹೇಳಿದ್ದೆವು.

ಸೋಮವಾರ ಅವರು ಮಗನ ಜೊತೆ ಬಂದರು. ಪ್ಲಾಸ್ಟಿಕ್ ಚೀಲದೊಳಗೆ ಹಳದಿ ಬಣ್ಣದ ಲಕೋಟೆ, ಅದರ ಅಂಚೆಲ್ಲ ಸವೆದು, ಮೊಳೆ ತೂರಿದ ತೂತು ದೊಡ್ಡದಾಗಿತ್ತು. ಒಳಗಿನ ಫಿಲಂ ಅಲ್ಲಲ್ಲಿ ಕಂದಿದ್ದರೂ ಕೆಟ್ಟಿರಲಿಲ್ಲ. ನನ್ನ ಕೋಣೆಯ ಗೋಡೆಯಲ್ಲಿ ಹಳೆಯ ಲೈಟ್ ಬಾಕ್ಸ್ ಇನ್ನೂ ಇದೆ, ತೆಗೆಸಲು ನಾನು ಒಪ್ಪಿಲ್ಲ. ಸ್ವಿಚ್ ಹಾಕಿದಾಗ ಅದು ಎರಡು ಸಲ ಮಿಟುಕಿ ಹತ್ತಿಕೊಂಡಿತು. ಫಿಲಂ ಸಿಕ್ಕಿಸಿ, ಪಕ್ಕದ ಪರದೆಯಲ್ಲಿ ಶುಕ್ರವಾರದ ಚಿತ್ರ ತೆರೆದೆ. ಅದೇ ಎಡ ತುದಿ, ಅದೇ ಗೆರೆಗಳು, ಅದೇ ಎರಡು ಚುಕ್ಕೆ, ಒಂದರಿಂದ ಇನ್ನೊಂದಕ್ಕೆ ಅದೇ ದೂರ. ಮೂಲೆಯಲ್ಲಿದ್ದ ದಿನಾಂಕ ಹನ್ನೊಂದು ವರ್ಷ ಹಳೆಯದು. ಕೆಮ್ಮು, ಜ್ವರ, ತೂಕ ಇಳಿಯುವುದು ಏನಾದರೂ ಇದೆಯೇ ಎಂದು ಕೇಳಿದೆ, ಇಲ್ಲವೆಂದರು. ಹಳೆಯ ಗಾಯದ ಗುರುತು, ಹಿಂದಿನ ಚಿತ್ರಕ್ಕೆ ಹೋಲಿಸಿದರೆ ಬದಲಾವಣೆ ಇಲ್ಲ ಎಂದು ಬರೆದು ಸಹಿ ಹಾಕಿದೆ. ಅವರು ಫಿಲಂ ಅನ್ನು ಜೋಪಾನವಾಗಿ ಲಕೋಟೆಗೆ ಸೇರಿಸುತ್ತ, ಇದನ್ನು ಇನ್ನೂ ಇಟ್ಟುಕೊಂಡಿರಬೇಕೇ ಎಂದು ಕೇಳಿದರು. ಹೊಸ ಚಿತ್ರದ ಪ್ರತಿಯನ್ನೂ ಅದೇ ಲಕೋಟೆಯಲ್ಲಿ ಹಾಕಿ ಅವರ ಕೈಗೆ ಕೊಟ್ಟೆ.